ಕಾಣದ ಉರಿಯ ಲೆಕ್ಕ

ಘಾಟಿ ಏರುವ ಲಾರಿಯ ಹಿಂದೆ ಸಿಕ್ಕಿಕೊಂಡು, ಬಸ್ಸಿನ ಕಿಟಕಿ ಎಳೆದು, ಮೂಗಿಗೆ ಸೆರಗೋ ಕರ್ಚೀಫೋ ಒತ್ತಿಕೊಂಡ ದಿನಗಳನ್ನು ನಾವ್ಯಾರೂ ಮರೆತಿಲ್ಲ. ಆಗಿನ ಮೆಕ್ಯಾನಿಕ್ ಹೊಗೆಯ ಬಣ್ಣ ನೋಡಿಯೇ ಕಾಯಿಲೆ ಹೇಳುತ್ತಿದ್ದ. ನಾಜಲ್ ಬಿಚ್ಚಿ, ಸದ್ದಿಗೆ ಕಿವಿಗೊಟ್ಟು ಟೈಮಿಂಗ್ ಕೂಡಿಸುತ್ತಿದ್ದ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿಯ ಡೀಸೆಲ್ ಪಂಪುಗಳು ಅಂಥ ಎಷ್ಟೋ ಕೈಗಳಲ್ಲಿ ಪಳಗಿದವು. ಆದರೆ ಸಿಲಿಂಡರಿನೊಳಗೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಹೊತ್ತಿ ಮುಗಿಯುವ ಉರಿ ಹೇಗಿರುತ್ತದೆ ಎಂಬುದು ಅವನಿಗಷ್ಟೇ ಅಲ್ಲ, ಎಂಜಿನ್ ರೂಪಿಸಿದವರಿಗೂ ಬಹುಪಾಲು ಊಹೆಯೇ ಆಗಿತ್ತು.

ಆ ಊಹೆಯನ್ನು ಲೆಕ್ಕಕ್ಕೆ ಇಳಿಸುವ ಕೆಲಸದಲ್ಲಿ 1985 ಒಂದು ಮೈಲಿಗಲ್ಲು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯ ಆ ವರ್ಷ ‘ಕಿವಾ’ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ಹೊರಗಿನವರ ಕೈಗಿತ್ತಿತು. ಕಿವಾ ಎಂದರೆ ಆ ಸೀಮೆಯ ಪ್ವೆಬ್ಲೊ ಜನರ ಪೂಜಾಗೃಹ: ನೆಲದೊಳಗಿನ ದುಂಡು ಕೋಣೆ, ಸೂರಿನ ಕಿಂಡಿಯಿಂದ ಏಣಿಯಿಟ್ಟು ಇಳಿಯಬೇಕು. ಮೇಲಿನ ವಾಲ್ವಿನಿಂದ ಗಾಳಿ ಇಳಿಯುವ ಸಿಲಿಂಡರಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಸಿಲಿಂಡರಿನ ಜಾಗವನ್ನು ಸಾವಿರಾರು ಪುಟ್ಟ ಕೋಶಗಳಾಗಿ ಹಂಚಿ, ಒಂದೊಂದರಲ್ಲೂ ಒತ್ತಡ, ಉಷ್ಣತೆ, ಗಾಳಿಯ ಸುಳಿ, ಡೀಸೆಲ್ ಹನಿ ಒಡೆಯುವ ಬಗೆಯನ್ನು ಅದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತಿತ್ತು. ಹನಿಗಳ ಒಡಕಿಗೆ ವಿಸ್ಕಾನ್ಸಿನ್‌ನ ರೋಲ್ಫ್ ರೈಟ್ಸ್, ಮಸಿಯ ಹುಟ್ಟಿಗೆ ಜಪಾನಿನ ಹಿರೋಯಾಸು ಕೊಟ್ಟ ಸೂತ್ರಗಳು ಇಂಥ ಲೆಕ್ಕಗಳಿಗೆ ಬೆನ್ನೆಲುಬಾದವು. ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆ ಬಲ್ಲ ವಿದ್ಯಾರ್ಥಿ ಅದರ ಸಾಲುಗಳನ್ನು ಓದಿ, ತಿದ್ದಿ, ತನ್ನ ಸೂತ್ರವನ್ನೂ ಸೇರಿಸಬಹುದಿತ್ತು. ಆ ತೆರೆದ ಬಾಗಿಲೇ ಅದರ ದೊಡ್ಡ ಕೊಡುಗೆ ಎಂದು ನಮ್ಮ ನಂಬಿಕೆ.

ಲೆಕ್ಕ ಎಷ್ಟೇ ಚೆಂದವಿರಲಿ, ಕಣ್ಣು ಅದನ್ನು ತಿದ್ದಲೇಬೇಕು. 1997ರಲ್ಲಿ ಸ್ಯಾಂಡಿಯಾ ಪ್ರಯೋಗಾಲಯದ ಜಾನ್ ಡೆಕ್, ಉರಿಯುತ್ತಿರುವ ಎಂಜಿನ್ನಿನೊಳಗೆ ಲೇಸರ್ ಹಾಯಿಸಿ ಕಂಡದ್ದನ್ನು ಒಂದು ಚಿತ್ರವಾಗಿ ಕಟ್ಟಿಕೊಟ್ಟರು. ದ್ರವ ಇಂಧನ ನಾಜಲಿನಿಂದ ಸ್ವಲ್ಪವೇ ದೂರ ಸಾಗಿ ಆವಿಯಾಗುತ್ತದೆ. ಗಾಳಿ ಸಾಲದ ಒಡಲಲ್ಲಿ ಮಸಿ ಬೆಳೆಯುತ್ತದೆ. ಹೊರ ಅಂಚಿನ ಬಿಸಿ ಜ್ವಾಲೆಯ ಬಳಿ ನೈಟ್ರೋಜನ್ ಆಕ್ಸೈಡ್ ಹುಟ್ಟುತ್ತದೆ. ಹನಿಯ ಸುತ್ತಲೇ ಬೆಂಕಿ ಎಂಬ ಹಳೆಯ ಕಲ್ಪನೆ ಅಲ್ಲಿಗೆ ಕಳಚಿತು, ಮಾದರಿಗಳು ಮತ್ತೆ ಪಾಠ ಕಲಿತವು. ಹತ್ತು ವರ್ಷ ಕಳೆದು 2007ರ ಹೊತ್ತಿಗೆ, ಎಂಜಿನ್ ತಯಾರಿಸುವ ಕಮಿನ್ಸ್ ಕಂಪನಿಯ ಒಂದು ಎಂಜಿನ್ ಬಹುಪಾಲು ಕಂಪ್ಯೂಟರಿನಲ್ಲೇ ರೂಪುಗೊಂಡಿತು. ಬೆಂಚಿನ ಪರೀಕ್ಷೆ ಕೊನೆಯ ಖಾತ್ರಿಗೆ ಉಳಿಯಿತು.

ಇಷ್ಟು ದಕ್ಕಿತು. ಮಾದರಿ ಕಟ್ಟಿದವರು ಕೊಟ್ಟ ಮಾತು ಇದಕ್ಕಿಂತ ದೊಡ್ಡದಿತ್ತು: ಉರಿಯನ್ನೇ ತಿದ್ದಿದರೆ ಹೊಗೆ ಹುಟ್ಟುವುದೇ ಇಲ್ಲ ಎಂದಿದ್ದರು. ಉಷ್ಣತೆ ತಗ್ಗಿಸಿದರೆ ಮಸಿ, ಏರಿಸಿದರೆ ನೈಟ್ರೋಜನ್ ಆಕ್ಸೈಡ್. ಅತ್ತ ದರಿ, ಇತ್ತ ಪುಲಿ. ಎರಡು ಇಂಧನ ಬೆರೆಸಿ ತಣ್ಣಗೆ ಉರಿಸುವ ದಾರಿಯನ್ನು ಮಾದರಿಗಳು ತೋರಿಸಿದವು, ಪ್ರಯೋಗಾಲಯಗಳಲ್ಲಿ ಅದು ನಡೆಯಿತು ಕೂಡ. ನಮ್ಮ ಹೆದ್ದಾರಿಗೆ ಮಾತ್ರ ಅದು ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕ ಎಂದು ಸಾರಿತು. 2015ರಲ್ಲಿ ಕಾರು ಕಂಪನಿ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ಮಾಡಿದ ವಂಚನೆ ಬಯಲಾದಾಗ, ಪರೀಕ್ಷೆಯ ಕೋಣೆಗೂ ರಸ್ತೆಗೂ ಇದ್ದ ಅಂತರ ಕಂಡು ಜಗತ್ತು ನೊಂದಿತು. 2020ರ ಏಪ್ರಿಲ್‌ನಲ್ಲಿ ಭಾರತ ವಾಹನಗಳ ಹೊಗೆ ನಿಯಮದ ಐದನೆಯ ಹಂತವನ್ನು ದಾಟಿ ನೇರ ಬಿಎಸ್ 6ಕ್ಕೆ ಜಿಗಿಯಿತು. ಡೀಸೆಲ್ಲಿನ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಅಂತೂ ಹೊಗೆಯನ್ನು ಹಿಡಿದದ್ದು ಸೈಲೆನ್ಸರ್ ಕಡೆಯ ಜಾಲರಿ ಮತ್ತು ಯೂರಿಯಾ ದ್ರಾವಣ. ಇದು ಸಣ್ಣ ಗೆಲುವಲ್ಲ. ಹೊಸ ಲಾರಿಯ ಹಿಂದೆ ಕಿಟಕಿ ತೆರೆದು ಕೂರುವ ಮಗುವಿಗೆ ಅದರ ಬೆಲೆ ಗೊತ್ತಾಗದಿರುವುದೇ ಸಂತೋಷ.

ಕಳೆದುಕೊಂಡದ್ದೂ ಇದೆ. ಓದಿ ತಿದ್ದುತ್ತಿದ್ದ ಪ್ರೋಗ್ರಾಮಿನ ಜಾಗಕ್ಕೆ ದುಡ್ಡು ಕೊಟ್ಟು ಲೈಸೆನ್ಸ್ ಕೊಳ್ಳಬೇಕಾದ, ಒಳಗು ಕಾಣದ ತಂತ್ರಾಂಶಗಳು ಬಂದಿವೆ. ಬಣ್ಣಬಣ್ಣದ ಜ್ವಾಲೆ ತೆರೆಯ ಮೇಲೆ ಮೂಡುತ್ತದೆ. ಅದರ ಹಿಂದಿನ ಸ್ಥಿರಾಂಕ ಎಲ್ಲಿಂದ ಬಂತೆಂದು ಕೇಳುವವರು ವಿರಳ. ಮಸಿಯ ಮೊದಲ ಕಣ ಹೇಗೆ ಕಟ್ಟುತ್ತದೆ ಎಂಬ ಪ್ರಶ್ನೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ, ಅಳತೆಗೆ ಹೊಂದುವಂತೆ ಅಂಕಿ ಕೂಡಿಸುವುದು ನಿಂತಿಲ್ಲ. ನಮ್ಮ ಹೊಂಗೆ ಎಣ್ಣೆಯನ್ನೇ ನೋಡಿ: ಡೀಸೆಲ್ಲಿಗಿಂತ ಹಲವು ಪಟ್ಟು ಮಂದ, ನಾಜಲಿನಿಂದ ದಪ್ಪ ಹನಿಯಾಗಿ ಹೊರಡುತ್ತದೆ. ಡೀಸೆಲ್ಲಿಗೆ ಕೂಡಿಸಿಟ್ಟ ಅಂಕಿಗಳು ಅದಕ್ಕೆ ಹೊಂದುವುದಿಲ್ಲ. ಅದರ ಹನಿಗಳನ್ನು ಯಾರಾದರೂ ಮತ್ತೆ ಮೊದಲಿನಿಂದ ಅಳೆಯಬೇಕು.