ಉದ್ದ ಲಾರಿಗಳೂ ಕಟ್ಟಕಡೆಯ ಬಂಡಿಯೂ

ಒಂದೇ ಎಂಜಿನ್ನಿನ ಹಿಂದೆ ಎರಡು ಮೂರು ಟ್ರೇಲರುಗಳನ್ನು ಜೋಡಿಸಿ ಎಳೆದೊಯ್ಯುವ ಲಾರಿಗಳು ಅಮೆರಿಕ, ಕೆನಡ, ಆಸ್ಟ್ರೇಲಿಯ ದೇಶಗಳ ಹೆದ್ದಾರಿಗಳಲ್ಲಿ ಬಹುಕಾಲದಿಂದ ಸಂಚರಿಸುತ್ತಿವೆ. ಅಮೆರಿಕದಲ್ಲಿ ಇವುಗಳ ವಿಷಯವಾದ ವಾದ ಇನ್ನೂ ಮುಗಿದಿಲ್ಲ. ಅಲ್ಲಿನ ಕೇಂದ್ರ ಸರ್ಕಾರವು 1982ರಲ್ಲಿ 28 ಅಡಿಯ ಎರಡು ಟ್ರೇಲರುಗಳ ಜೋಡಿಗೆ ಮುಖ್ಯ ಹೆದ್ದಾರಿಗಳನ್ನು ತೆರೆಯಿತು. 1991ರಲ್ಲಿ, ಇವನ್ನೂ ಮೀರಿದ ಉದ್ದದ ಹಾಗೂ ಭಾರದ ಜೋಡಣೆಗಳನ್ನು, ಅವು ಆಗಲೇ ಓಡುತ್ತಿದ್ದ ರಾಜ್ಯಗಳಿಗಷ್ಟೆ ಸೀಮಿತಗೊಳಿಸಿತು. ಈ ಮಿತಿಯನ್ನು ತೆಗೆದುಹಾಕಬೇಕೆಂದು ಸಾಗಣೆಯ ಉದ್ಯಮದ ಕೆಲವರು ಕೇಳುತ್ತಾರೆ. ಉದ್ದ ಲಾರಿಗಳೇ ಬೇಡವೆಂದು ವಿರೋಧಿಗಳು ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇಬ್ಬರೂ ಹಿಡಿದಿರುವ ಅಳತೆಗೋಲು ಸಾಲದು. ‘ಎಷ್ಟು ಉದ್ದ?’ ಎಂದು ಕೇಳುವುದಕ್ಕೆ ಮೊದಲು ‘ಕಟ್ಟಕಡೆಯ ಬಂಡಿ ಹೇಗೆ ನಡೆದುಕೊಳ್ಳುತ್ತದೆ?’ ಎಂದು ಕೇಳಬೇಕು.

ಉದ್ದ ಲಾರಿಯ ಪರವಾದ ಮಾತು ಹುರುಳಿಲ್ಲದ್ದಲ್ಲ. ಇಬ್ಬರು ಚಾಲಕರು ಎರಡು ಎಂಜಿನ್ನುಗಳಿಂದ ಮಾಡುವ ಕೆಲಸವನ್ನು ಇಲ್ಲಿ ಒಬ್ಬನೇ ಮಾಡುತ್ತಾನೆ. ಗಾಳಿಯನ್ನು ಸೀಳಬೇಕಾದ ಮುಖವೂ ಒಂದೇ. ಆದುದರಿಂದ ಒಂದು ಟನ್ ಸರಕಿಗೆ ತಗಲುವ ಇಂಧನ ಕಡಮೆ. ರಸ್ತೆಯ ಮೇಲಿನ ಲಾರಿಗಳ ಸಂಖ್ಯೆಯೂ ಇಳಿಯುತ್ತದೆ.

ಹಾಗೆಂದು ಉದ್ದಕ್ಕೆ ಬೆಲೆಯೇ ಇಲ್ಲವೆಂದಲ್ಲ. ಆಸ್ಟ್ರೇಲಿಯದ ಉತ್ತರ ಪ್ರಾಂತದಲ್ಲಿ ‘ರೋಡ್ ಟ್ರೇನ್’ 53.5 ಮೀಟರ್ ಉದ್ದವಿರಬಹುದು. ಅದು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ, ನಮ್ಮ ಕಾರು 100ರ ವೇಗದಲ್ಲಿ ಅದನ್ನು ಹಿಂದೆ ಹಾಕಬೇಕಾಗಿದೆ ಎನ್ನೋಣ. ವೇಗಗಳ ಅಂತರ ಸೆಕೆಂಡಿಗೆ ಸುಮಾರು 5.6 ಮೀಟರ್. 20 ಮೀಟರಿನ ಲಾರಿಯೊಂದಕ್ಕಿಂತ ಇದು 33.5 ಮೀಟರ್ ಹೆಚ್ಚು ಉದ್ದವಾದುದರಿಂದ ನಾವು 6 ಸೆಕೆಂಡು ಹೆಚ್ಚಾಗಿ ಎದುರು ದಿಕ್ಕಿನ ಹಾದಿಯಲ್ಲಿರಬೇಕಾಗುತ್ತದೆ. ಅಷ್ಟರಲ್ಲಿ ನಾವು 167 ಮೀಟರ್ ಸಾಗಿರುತ್ತೇವೆ. ಅದೇ ವೇಗದಲ್ಲಿ ಎದುರಿನಿಂದ ಬರುವವನೂ ಅಷ್ಟೇ ಸಾಗಿರುತ್ತಾನೆ. ಎಂದರೆ ಸುಮಾರು 330 ಮೀಟರಿನಷ್ಟು ಹೆಚ್ಚಿನ ತೆರವು ಬೇಕು. ವಾಹನಗಳು ವಿರಳವಾಗಿರುವ ಬಯಲಿನಲ್ಲಿ ಇದು ದೊರೆಯುತ್ತದೆ. ಎದುರು ಸಂಚಾರಕ್ಕೆ ಬೇರೆಯ ಹಾದಿಯಿರುವ ಹೆದ್ದಾರಿಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಉದ್ದದ ದೋಷಕ್ಕೆ ರಸ್ತೆಯಲ್ಲಿ ಪರಿಹಾರವುಂಟು.

ಆದರೆ ರಸ್ತೆಯಿಂದ ಪರಿಹಾರವಾಗದ ದೋಷ ಇನ್ನೊಂದಿದೆ. ಬಾರುಕೋಲನ್ನು ಬೀಸುವವನ ಕೈ ಗೇಣುದ್ದ ಅಲುಗಿದರೆ ಅದರ ತುದಿ ಮಾರುದ್ದ ಹಾಯುತ್ತದೆ. ಸರಣಿಯಾಗಿ ಜೋಡಿಸಿದ ಟ್ರೇಲರುಗಳಲ್ಲಿಯೂ ಇದನ್ನು ಹೋಲುವ ವಿದ್ಯಮಾನವುಂಟು. ಚಾಲಕನು ಅಡ್ಡ ಬಂದುದನ್ನು ತಪ್ಪಿಸಲು ಥಟ್ಟನೆ ಪಕ್ಕಕ್ಕೆ ಹೊರಳಿಸಿದಾಗ ಎಂಜಿನ್ ಬಂಡಿಗೆ ಒದಗುವ ಪಾರ್ಶ್ವ ವೇಗೋತ್ಕರ್ಷವು ಒಂದೊಂದು ಟ್ರೇಲರನ್ನು ದಾಟುವಾಗಲೂ ಬೆಳೆಯುತ್ತ ಹೋಗುತ್ತದೆ. ಹೆದ್ದಾರಿಯ ವೇಗದಲ್ಲಿ, ಸಾಮಾನ್ಯ ಕೊಕ್ಕೆಯಿಂದ ಜೋಡಿಸಿದ ಎರಡು ಗಿಡ್ಡ ಟ್ರೇಲರುಗಳಲ್ಲಿ ಅದು ಕೊನೆಗೆ ಸುಮಾರು ಇಮ್ಮಡಿಯಾಗುತ್ತದೆ. ಮೂರಿದ್ದರೆ ಮುಮ್ಮಡಿಯನ್ನು ಮುಟ್ಟಬಹುದು.

ಇದರ ಅರ್ಥವೇನೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಗುರುತ್ವ ವೇಗೋತ್ಕರ್ಷದ ಸುಮಾರು 0.35ರಿಂದ 0.4ರಷ್ಟು ಪಾರ್ಶ್ವ ವೇಗೋತ್ಕರ್ಷವೊದಗಿದರೆ ಎತ್ತರವಾಗಿ ಸರಕು ತುಂಬಿದ ಟ್ರೇಲರು ಮಗುಚುತ್ತದೆ. ಚಾಲಕನು 0.15ರಷ್ಟು ಮಾತ್ರ ಹೊರಳಿಸಿದನೆನ್ನೋಣ. ಇದು ಕಾರಿನವನು ಗಮನಿಸದಿರುವಷ್ಟು ಅಲ್ಪ. ಮೂರನೆಯ ಟ್ರೇಲರಿನಲ್ಲಿ ಅದು 0.45 ಆಗಿ ಮಿತಿಯನ್ನು ದಾಟಿಬಿಡುತ್ತದೆ. ಕೊಕ್ಕೆಯು ಹೊರಳಿಕೆಯನ್ನು ಮುಂದಿನ ಬಂಡಿಗೆ ತಿಳಿಸದುದರಿಂದ, ಹಿಂದಿನದು ವಾಲುತ್ತಿರುವುದು ಚಾಲಕನಿಗೆ ಕೂಡಲೇ ಗೊತ್ತಾಗುವುದೂ ಇಲ್ಲ. ಅವನೆಷ್ಟೇ ನಿಪುಣನಾಗಿದ್ದರೂ ತಿಳಿಯದುದನ್ನು ತಿದ್ದಲಾರನು. ಅದರ ಬೆಲೆಯನ್ನು ತೆರುವವನು ಪಕ್ಕದಲ್ಲಿ ಹೋಗುತ್ತಿರುವ ಬೇರೊಬ್ಬ.

ಇದಕ್ಕೆ ಪರಿಹಾರವಿರುವುದು ಕೀಲುಗಳಲ್ಲಿ. ಸಾಮಾನ್ಯ ಜೋಡಣೆಯಲ್ಲಿ ಎರಡನೆಯ ಟ್ರೇಲರಿನ ಮುಂಭಾಗವನ್ನು ಹೊರುವ ಸಣ್ಣ ಬಂಡಿಯೊಂದನ್ನು ಮೊದಲನೆಯ ಟ್ರೇಲರಿನ ಕೊಕ್ಕೆಗೆ ತಗುಲಿಸುತ್ತಾರೆ. ಹೀಗೆ ಎರಡು ಟ್ರೇಲರುಗಳಿಗೆ ತಿರುಗುವ ಕೀಲುಗಳು ಮೂರು, ಮೂರು ಟ್ರೇಲರುಗಳಿಗೆ ಐದು. ‘ಬಿ-ಟ್ರೇನ್’ ಎಂಬ ಜೋಡಣೆಯಲ್ಲಿ ಮೊದಲ ಟ್ರೇಲರಿನ ಚೌಕಟ್ಟೇ ಹಿಂದಕ್ಕೆ ಚಾಚಿಕೊಂಡು ಎರಡನೆಯದನ್ನು ಹೊರುತ್ತದೆ, ಕೀಲುಗಳು ಎರಡೇ. ಒಂದು ವಾಲಿದರೆ ಇನ್ನೊಂದು ಅದನ್ನು ತಡೆದು ಹಿಡಿಯುತ್ತದೆ. ಕೆನಡದವರು ಇದನ್ನು ಪರೀಕ್ಷಿಸಿ ನೋಡಿ 1988ರ ತಮ್ಮ ರಾಷ್ಟ್ರೀಯ ಒಪ್ಪಂದದಲ್ಲಿ ಸಾಮಾನ್ಯ ಕೊಕ್ಕೆಯ ಜೋಡಿಗೆ 53.5 ಟನ್ನುಗಳ ಮಿತಿಯಿಟ್ಟು, ಬಿ-ಟ್ರೇನಿಗೆ 62.5 ಟನ್ನುಗಳವರೆಗೆ ಅವಕಾಶ ಕೊಟ್ಟರು. ಭದ್ರವಾದ ಬಂಡಿಯನ್ನು ಕೊಂಡವನಿಗೆ ಹೆಚ್ಚು ಸರಕಿನ ಲಾಭ! ಕಾನೂನು ಭೌತಶಾಸ್ತ್ರವನ್ನು ಅರಿತು ನಡೆದ ನಿದರ್ಶನವೆಂದು ಇದನ್ನು ನಾವು ಮೆಚ್ಚುತ್ತೇವೆ.

ಉದ್ದ ಲಾರಿಗಳ ಅಪಘಾತಗಳು ಕಡಮೆಯೆಂದು ಅಂಕಿಗಳನ್ನು ತೋರಿಸುವವರುಂಟು. ಆದರೆ ಇವು ಬಹುಮಟ್ಟಿಗೆ ಒಳ್ಳೆಯ ರಸ್ತೆಗಳಲ್ಲಿ, ಅನುಭವಿ ಚಾಲಕರ ಕೈಯಲ್ಲಿ ಓಡುವಂಥವು. ಆ ಅಂಕಿಗಳಲ್ಲಿ ರಸ್ತೆಯ ಗುಣವೆಷ್ಟು, ಚಾಲಕನ ಗುಣವೆಷ್ಟು, ಬಂಡಿಯ ಗುಣವೆಷ್ಟು? ಅಮೆರಿಕದ ಸಾರಿಗೆ ಇಲಾಖೆಯೇ 2016ರಲ್ಲಿ ತನ್ನ ವಿಸ್ತಾರವಾದ ಅಧ್ಯಯನದ ಕೊನೆಗೆ, ಲಭ್ಯವಿರುವ ಮಾಹಿತಿ ಸಾಲದೆಂದೂ ಮಿತಿಗಳನ್ನು ಬದಲಾಯಿಸುವುದು ಸದ್ಯಕ್ಕೆ ಬೇಡವೆಂದೂ ವರದಿ ಮಾಡಿತು.

ಆದುದರಿಂದ ಉದ್ದ ಲಾರಿಯನ್ನು ಸಾರಾಸಗಟಾಗಿ ನಿಷೇಧಿಸಬೇಕೆಂದು ನಾವು ಹೇಳುವುದಿಲ್ಲ. ಅದು ಹೊಸ ರಸ್ತೆಗೆ ಇಳಿಯುವ ಮುನ್ನ, ತುಂಬಿದ ಹೊರೆಯೊಡನೆ, ಹೆದ್ದಾರಿಯ ವೇಗದಲ್ಲಿ ಪಕ್ಕಕ್ಕೆ ಹೊರಳಿ ತೋರಿಸಲಿ. ಕಟ್ಟಕಡೆಯ ಬಂಡಿ ಮಗುಚುವ ಮಿತಿಯಿಂದ ಸಾಕಷ್ಟು ದೂರವುಳಿದರೆ ಪರವಾನಗಿ ದೊರೆಯಲಿ. ಇಲ್ಲವಾದರೆ ಉದ್ದ ಗಿಡ್ಡವೆನ್ನದೆ ನಿಲ್ಲಲಿ. ಗಜಕಡ್ಡಿಯಿಂದಲೂ ತಕ್ಕಡಿಯಿಂದಲೂ ಮಾತ್ರ ಬಂಡಿಯನ್ನು ಅಳೆಯುವ ಕಾನೂನು, ಅದು ನಿಂತಿರುವಾಗಿನ ಗುಣವನ್ನಷ್ಟೆ ಬಲ್ಲದು. ಅಪಾಯವಿರುವುದು ಅದು ಓಡುವಾಗ.