ಬಾಡಿಗೆ ನೋಡಿದಿರಿ, ದಿನವನ್ನು ನೋಡಿದಿರಾ?

ಕಳೆದ ತಿಂಗಳು ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಏಳುತ್ತಿದ್ದಂತೆ ಫೋನ್ ಬಂತು. ಚಿಕ್ಕಮ್ಮನ ಮಗಳು. ಬೆಂಗಳೂರಿನ ಟ್ಯಾನರಿ ರಸ್ತೆಯ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾಳೆ. ಗಂಡ ಕೃಷ್ಣರಾಜಪುರದ ಕಡೆ ಒಂದು ವರ್ಕ್‌ಶಾಪ್‌ನಲ್ಲಿ ವೆಲ್ಡರ್. ಇಬ್ಬರು ಮಕ್ಕಳು.

"ಆಪಾ, ಮನೆ ಖಾಲಿ ಮಾಡುತ್ತಿದ್ದೇವೆ. ಸಂಬಳದಲ್ಲಿ ಅರ್ಧ ಬಾಡಿಗೆಗೇ ಹೋಗುತ್ತೆ. ಇವರು ಕೆ.ಜಿ.ಎಫ್.ಗೆ ಹೋಗೋಣ ಅಂತಾರೆ. ಇವರ ಅಣ್ಣ ಬಂಗಾರಪೇಟೆಯೇ ಒಳ್ಳೇದು ಅಂತಾರೆ. ಯಾವುದು ಒಳ್ಳೇದು, ನೀವೇ ಹೇಳಿ."

"ನಿನಗೆ ಯಾವುದು ಒಪ್ಪಿಗೆ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಹೇಳಿದಳು: "ನನ್ನನ್ನು ಯಾರೂ ಕೇಳಲಿಲ್ಲ ಆಪಾ. ತಿಂಗಳಿಗೆ ಬಾಡಿಗೆ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕಿದ್ದಾರೆ, ಅಷ್ಟೆ."

ಸಹೋದರಿಯರೇ, ಇದು ಅವಳೊಬ್ಬಳ ಕಥೆಯಲ್ಲ. ಬೆಂಗಳೂರಿನ ಬಾಡಿಗೆ ತಾಳಲಾರದೆ ಸುತ್ತಲಿನ ಸಣ್ಣ ಊರುಗಳ ಕಡೆ ಮುಖ ಮಾಡುತ್ತಿರುವ ಕುಟುಂಬಗಳು ಎಷ್ಟೋ ಇವೆ. ಹೋಗುವುದು ತಪ್ಪಲ್ಲ. ಆದರೆ ಊರು ಆರಿಸುವಾಗ ಗಂಡಸರು ಸಾಮಾನ್ಯವಾಗಿ ಎರಡೇ ಲೆಕ್ಕ ಹಾಕುತ್ತಾರೆ. ಬಾಡಿಗೆ ಎಷ್ಟು? ರೈಲು ಎಷ್ಟು ಗಂಟೆಗೆ? ಬೆಳಗಿನ ಜಾವ ಹೋಗಿ ರಾತ್ರಿ ಬರುವವನಿಗೆ ಊರು ಎಂದರೆ ಮಲಗುವ ಜಾಗ. ಇಡೀ ದಿನ ಆ ಊರಿನಲ್ಲಿ ಬದುಕುವವಳು ನೀವು. ನೀರು ಹಿಡಿಯುವವಳು, ಮಗುವಿಗೆ ಜ್ವರ ಬಂದಾಗ ಆಟೋ ಹುಡುಕುವವಳು, ಶಾಲೆಗೆ ಕರೆದೊಯ್ಯುವವಳು ನೀವು. ಆ ಲೆಕ್ಕ ನಿಮ್ಮನ್ನು ಬಿಟ್ಟು ಹೇಗೆ ಪೂರ್ತಿಯಾದೀತು? ಮಗುವಿನ ಹಾಲು ಬಿಡಿಸುವುದನ್ನೂ ತಂದೆತಾಯಿ ಪರಸ್ಪರ ಸಮಾಲೋಚಿಸಿ ನಿರ್ಧರಿಸಲಿ ಎಂದು ಕುರ್‌ಆನ್ ಕಲಿಸುತ್ತದೆ. ಹಾಲು ಬಿಡಿಸಲು ಸಮಾಲೋಚನೆ ಬೇಕಾದರೆ ಊರು ಬಿಡಲು ಬೇಡವೇ?

ಆದ್ದರಿಂದ ನಾನು ಅವಳಿಗೆ ಊರಿನ ಹೆಸರು ಹೇಳಲಿಲ್ಲ. "ಒಂದು ಕಾಗದ ತೆಗೆದುಕೋ. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ನಿನ್ನ ಒಂದು ದಿನವನ್ನು ಬರಿ. ಆ ದಿನವನ್ನು ಮೊದಲು ಕೆ.ಜಿ.ಎಫ್.ನಲ್ಲಿಟ್ಟು ನೋಡು, ಆಮೇಲೆ ಬಂಗಾರಪೇಟೆಯಲ್ಲಿಟ್ಟು ನೋಡು" ಎಂದೆ. ಆ ಕಾಗದದಲ್ಲಿ ಏನೇನು ಬಂತೆಂದು ನಿಮಗೂ ಹೇಳುತ್ತೇನೆ. ನೀವು ಹೋಗಲಿರುವ ಊರು ಬೇರೆಯಾದರೂ ಲೆಕ್ಕದ ಕ್ರಮ ಇದೇ.

ಮೊದಲು ಎರಡೂ ಊರುಗಳ ಪರಿಚಯ. ನಡುವಿನ ಅಂತರ ಸುಮಾರು 15 ಕಿಲೋಮೀಟರ್ ಅಷ್ಟೆ. ಮೊದಲು ಎರಡೂ ಒಂದೇ ತಾಲ್ಲೂಕಿನಲ್ಲಿದ್ದವು, ಈಗ ಕೆ.ಜಿ.ಎಫ್. ಪ್ರತ್ಯೇಕ ತಾಲ್ಲೂಕು. ಆದರೆ ಎರಡರ ಸ್ವಭಾವ ಬೇರೆ ಬೇರೆ.

ಕೆ.ಜಿ.ಎಫ್. ಗಣಿಗಾಗಿ ಹುಟ್ಟಿದ ಊರು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನ ತೆಗೆಯಲು ಆರಂಭಿಸಿತು. ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ 1902ರಲ್ಲಿ ಮೊದಲು ಬಂದದ್ದು ಈ ಗಣಿಗಳಿಗೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಮನೆ, ಆಸ್ಪತ್ರೆ, ನೀರು, ದೀಪ ಎಲ್ಲವನ್ನೂ ಕಂಪನಿಯೇ ನೋಡಿಕೊಳ್ಳುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಾವಿರಾರು ಮನೆಗಳ ಒಲೆ ಒಂದೇ ಸಂಬಳವನ್ನು ನಂಬಿತ್ತು. ಆ ಮನೆಗಳ ಗಂಡಸರು, ಆಮೇಲೆ ಅವರ ಮಕ್ಕಳು, ಮಾರಿಕುಪ್ಪಂನಿಂದ ಬೆಂಗಳೂರಿಗೆ ದಿನವೂ ರೈಲು ಹತ್ತತೊಡಗಿದರು. ಸರಕಾರಿ ಕಾರ್ಖಾನೆ ಬೆಮೆಲ್ ಮಾತ್ರ ಇಂದೂ ಅಲ್ಲಿ ನಡೆಯುತ್ತಿದೆ. 2018ರಲ್ಲಿ, 2022ರಲ್ಲಿ ಬಂದ ಸಿನಿಮಾಗಳಿಂದ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಆದರೆ ಸಿನಿಮಾ ನೋಡಿ ಮನೆ ಮಾಡುವವರುಂಟೇ?

ಬಂಗಾರಪೇಟೆ ರೈಲಿನಿಂದ ಬೆಳೆದ ಊರು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಮೊದಲು ಇದನ್ನು ಬೌರಿಂಗ್‌ಪೇಟೆ ಎನ್ನುತ್ತಿದ್ದರು. ಬೆಂಗಳೂರು-ಚೆನ್ನೈ ಹಳಿ ಇಲ್ಲಿಂದ ಹಾದುಹೋಗುತ್ತದೆ. ಮಾರಿಕುಪ್ಪಂಗೂ ಕೋಲಾರಕ್ಕೂ ಹಳಿ ಕವಲೊಡೆಯುವುದು ಇಲ್ಲೇ. ಹೈದರಾಲಿ ಹುಟ್ಟಿದ ಬೂದಿಕೋಟೆ ಇದೇ ತಾಲ್ಲೂಕಿನದು. ನೀರಿನಷ್ಟೇ ತಿಳಿಯಾದ ಪಾನಿಯ ಪಾನಿಪುರಿಯಿಂದ ಊರಿನ ಹೆಸರು ಬೆಂಗಳೂರಿನ ಬೀದಿಬೀದಿಗೂ ಹೋಗಿದೆ. 2011ರ ಜನಗಣತಿಯಲ್ಲಿ ಕೆ.ಜಿ.ಎಫ್. ನಗರದ ಜನಸಂಖ್ಯೆ ಒಂದೂವರೆ ಲಕ್ಷ ಮೀರಿತ್ತು, ಬಂಗಾರಪೇಟೆಯದು ಸುಮಾರು 45 ಸಾವಿರ. ಅಂದರೆ ಕೆ.ಜಿ.ಎಫ್. ದೊಡ್ಡ ಊರು. ಆದರೆ ಅದು ಹಳಿಯ ಕೊನೆ, ಬಂಗಾರಪೇಟೆ ಹಳಿಯ ನಡು. ಈ ಒಂದು ವ್ಯತ್ಯಾಸದಿಂದ ದಿನದ ಲೆಕ್ಕ ಎಷ್ಟು ಬದಲಾಗುತ್ತದೆ ನೋಡಿ.

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಗಾಡಿಗಳು ಬೆರಳೆಣಿಕೆಯಷ್ಟು. ಸಂಜೆಯ ಗಾಡಿ ತಪ್ಪಿದರೆ ಬಂಗಾರಪೇಟೆಯಲ್ಲಿ ಇಳಿದು ಬಸ್ಸೋ ಆಟೋವೋ ಹುಡುಕಬೇಕು. ಬಂಗಾರಪೇಟೆಯಲ್ಲಿ ಮನೆಯಿದ್ದರೆ ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ತಿಂಗಳ ಪಾಸ್ ಯಾವ ಗಾಡಿಗೆ ನಡೆಯುತ್ತದೆ, ಯಾವುದಕ್ಕಿಲ್ಲ ಎಂಬುದನ್ನು ಮಾತ್ರ ಸ್ಟೇಷನ್ನಿನಲ್ಲಿ ಮೊದಲೇ ಕೇಳಿಕೊಳ್ಳಬೇಕು. ನನ್ನ ತಂಗಿ ಬರೆದ ಕಾಗದದಲ್ಲಿ ಗಂಡ ಕೆ.ಜಿ.ಎಫ್.ನಿಂದ ಹೋಗಿ ಬಂದರೆ ಮಕ್ಕಳು ಮಲಗಿದ ಮೇಲೆ ಮನೆ ಸೇರುತ್ತಿದ್ದ. ಬಂಗಾರಪೇಟೆಯಿಂದಾದರೆ ಮಕ್ಕಳೊಂದಿಗೆ ಕೂತು ಉಣ್ಣುತ್ತಿದ್ದ. ಬಾಡಿಗೆಯ ಲೆಕ್ಕದಲ್ಲಿ ಈ ಒಂದು ಗಂಟೆಗೆ ಬೆಲೆಯೇ ಇರಲಿಲ್ಲ.

ಇನ್ನು ನೀರು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ, ಹಲವು ಕಡೆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಕೆ.ಜಿ.ಎಫ್.ಗೆ ಕಂಪನಿಯ ಕಾಲದಿಂದ ಬೇತಮಂಗಲದ ಕೆರೆಯ ನೀರು ಬರುತ್ತಿತ್ತು, ಮಳೆ ಕೈಕೊಟ್ಟ ವರ್ಷ ಆ ಕೆರೆಯೂ ಒಣಗುತ್ತದೆ. ಬಂಗಾರಪೇಟೆ, ಕೋಲಾರ, ಮಾಲೂರಿಗೆ ಕುಡಿಯುವ ನೀರು ಕೊಡಲು ಕಟ್ಟಿದ ಯರಗೋಳ್ ಅಣೆಕಟ್ಟು 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಆದರೆ ಅಣೆಕಟ್ಟು ಇರುವುದು ಬೇರೆ, ನಿಮ್ಮ ಬೀದಿಯ ನಲ್ಲಿಗೆ ನೀರು ಬರುವುದು ಬೇರೆ. ಮನೆ ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯ ಹೆಂಗಸನ್ನು ಕೇಳಿ: ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಎಷ್ಟು ಗಂಟೆಗೆ? ಸಂಪು ಎಷ್ಟು ದೊಡ್ಡದು? ಬೇಸಿಗೆಯಲ್ಲಿ ತಿಂಗಳಿಗೆ ಎಷ್ಟು ಟ್ಯಾಂಕರ್ ಹಾಕಿಸುತ್ತೀರಿ? ಕುಡಿಯುವ ನೀರಿನ ಘಟಕ ಎಷ್ಟು ದೂರ? ಬಾಡಿಗೆಯಲ್ಲಿ ಉಳಿದದ್ದು ಟ್ಯಾಂಕರ್‌ಗೆ ಹೋಗುತ್ತದೆಯೋ ಇಲ್ಲವೋ ಎಂಬುದು ಆಗ ಗೊತ್ತಾಗುತ್ತದೆ.

ಮೂರನೆಯದು ಗಾಳಿ ಮತ್ತು ಆಸ್ಪತ್ರೆ. ತಂಗಿಯ ಕಿರಿಯ ಮಗನಿಗೆ ಉಬ್ಬಸ. ಕೆ.ಜಿ.ಎಫ್.ನಲ್ಲಿ ಅದಿರು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ದಿಬ್ಬಗಳಿವೆ. ಜನ ಅವನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಗಾಳಿ ಜೋರಾಗಿ ಬೀಸಿದ ದಿನ ಆ ನುಣುಪು ಧೂಳು ಹತ್ತಿರದ ಮನೆಗಳ ಒಳಗೆ ಬರುತ್ತದೆ. 13 ದಿಬ್ಬಗಳ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾಪಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಊರಿಗೆ ಕೆಲಸ ಬಂದರೆ ಸಂತೋಷವೇ. ಆದರೆ ಉಬ್ಬಸದ ಮಗು ಇರುವವರು ಮನೆ ದಿಬ್ಬದಿಂದ ಎಷ್ಟು ದೂರ, ಗಾಳಿ ಯಾವ ಕಡೆಗೆ ಬೀಸುತ್ತದೆ ಎಂದು ನೋಡಲೇಬೇಕು. ಹಿಂದೆ ಹೆಸರುವಾಸಿಯಾಗಿದ್ದ ಗಣಿ ಆಸ್ಪತ್ರೆ ಗಣಿಯೊಂದಿಗೇ ಸೊರಗಿತು. ಎರಡೂ ಊರುಗಳಲ್ಲಿ ಸರಕಾರಿ ಆಸ್ಪತ್ರೆ ಇದೆ. ದೊಡ್ಡ ಕಾಯಿಲೆಯಾದರೆ ಕೋಲಾರದ ಜಿಲ್ಲಾ ಆಸ್ಪತ್ರೆಗೋ ಟಮಕದ ಮೆಡಿಕಲ್ ಕಾಲೇಜಿಗೋ ಹೋಗಬೇಕು. ಆ ದಾರಿ ಬಂಗಾರಪೇಟೆಯಿಂದ ಹತ್ತಿರ, ಕೆ.ಜಿ.ಎಫ್.ನಿಂದ ಸುಮಾರು ಎರಡರಷ್ಟು.

ಹಾಗಾದರೆ ಕೆ.ಜಿ.ಎಫ್.ನ ತಟ್ಟೆ ಖಾಲಿಯೇ? ಖಂಡಿತ ಅಲ್ಲ. ಬ್ರಿಟಿಷರ ಕಾಲದಿಂದ ಬಂದ ಕಾನ್ವೆಂಟ್ ಶಾಲೆಗಳು ಅಲ್ಲಿವೆ. ಉರಿಗಾಂನಲ್ಲಿ ಇಂಜಿನಿಯರಿಂಗ್ ಕಾಲೇಜಿದೆ. ರಾಬರ್ಟ್‌ಸನ್‌ಪೇಟೆಯ ಎಂ.ಜಿ. ಮಾರ್ಕೆಟ್‌ನಲ್ಲಿ ತರಕಾರಿಯಿಂದ ಬಟ್ಟೆಯವರೆಗೆ ಎಲ್ಲ ಒಂದೇ ಕಡೆ. ತಮಿಳು, ಕನ್ನಡ, ತೆಲುಗು, ಉರ್ದು ಮಾತಾಡುವವರು ಒಂದೇ ಗಲ್ಲಿಯಲ್ಲಿ ತಲೆಮಾರುಗಳಿಂದ ಬಾಳಿದ್ದಾರೆ. ಒಬ್ಬರ ಮನೆಯ ಕಷ್ಟಕ್ಕೆ ಇನ್ನೊಬ್ಬರು ಓಡಿಬರುವ ಅಭ್ಯಾಸ ಗಣಿಯ ಕಾಲದಿಂದಲೂ ಇದೆ. ಎಲ್ಲಕ್ಕಿಂತ ದೊಡ್ಡದಾಗಿ, ತಂಗಿಯ ಅತ್ತೆ ಇರುವುದು ಆಂಡರ್ಸನ್‌ಪೇಟೆಯಲ್ಲಿ. ಗಣಿ ಕಾರ್ಮಿಕನ ವಿಧವೆ, ಒಂಟಿ. ಮನೆಗಿಂತ ಮೊದಲು ನೆರೆಯವರನ್ನು ನೋಡು ಎಂದು ಅರಬರಲ್ಲೊಂದು ಗಾದೆಯಿದೆ. ಅತ್ತೆಯೇ ನೆರೆಯಲ್ಲಿದ್ದರೆ ಅದಕ್ಕಿಂತ ಹೆಚ್ಚೇನು ಬೇಕು?

ಕೊನೆಯದು ಕಾಗದಪತ್ರ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕದ ಭಾಗ 2024ರ ಕೊನೆಯಲ್ಲಿ ವಾಹನಗಳಿಗೆ ತೆರೆದುಕೊಂಡಿತು. ಹೊಸಕೋಟೆಯಿಂದ ಬೇತಮಂಗಲದವರೆಗೆ ಅಕ್ಕಪಕ್ಕದ ಹೊಲಗಳಲ್ಲೆಲ್ಲ ಸೈಟಿನ ಕಲ್ಲು, ಬಣ್ಣದ ಬೋರ್ಡು. "ಈಗ ಹಾಕಿದರೆ ನಾಳೆ ಎರಡರಷ್ಟು" ಎನ್ನುವ ಮಾತಿಗೆ ಮರುಳಾಗಿ ಒಡವೆ ಮಾರಬೇಡಿ. ನಿಮ್ಮ ಮಹರ್, ನಿಮ್ಮ ಒಡವೆ ನಿಮ್ಮ ಹಕ್ಕು. ಕೊಡುವುದಾದರೆ ತಿಳಿದು ಕೊಡಿ. ಜಮೀನು ವಸತಿಗಾಗಿ ಪರಿವರ್ತನೆ ಆಗಿದೆಯೇ, ಇ-ಖಾತೆ ಇದೆಯೇ, ಋಣಭಾರ ಪತ್ರದಲ್ಲಿ ಸಾಲ ತೋರಿಸುತ್ತದೆಯೇ ನೋಡಿ. ಕೆ.ಜಿ.ಎಫ್.ನಲ್ಲಿ ಇನ್ನೊಂದು ಎಚ್ಚರ ಬೇಕು. ಗಣಿ ಕಂಪನಿಯ ಜಾಗದಲ್ಲಿರುವ ಹಳೆಯ ಕ್ವಾರ್ಟರ್ಸ್‌ಗಳಲ್ಲಿ ವಾಸವಿರುವವರಿಗೆಲ್ಲ ಮಾರುವ ಹಕ್ಕು ಇರುತ್ತದೆಂದು ತಿಳಿಯಬೇಡಿ. ಮುಂಗಡ ಕೊಡುವ ಮೊದಲು ಪತ್ರಗಳನ್ನು ವಕೀಲರಿಗೆ ತೋರಿಸಿ. ಬಾಡಿಗೆಗೆ ಹೋಗುವವರೂ ಕರಾರುಪತ್ರ ಮಾಡಿಸಿಕೊಳ್ಳಿ. ಮೊದಲ ವರ್ಷ ಬಾಡಿಗೆಯೇ ಇರಲಿ, ಒಂದು ಬೇಸಿಗೆ ಕಳೆದ ಮೇಲೆ ಕೊಳ್ಳುವ ಮಾತು.

ಕಾಗದ ಬರೆದಾಯಿತು. "ಈಗ ಇಬ್ಬರೂ ಹೋಗಿ ನೋಡಿ ಬನ್ನಿ. ಭಾನುವಾರ ಬೇಡ, ಕೆಲಸದ ದಿನ ಹೋಗಿ" ಎಂದೆ. ಭಾನುವಾರ ಎಲ್ಲ ಊರೂ ಚೆನ್ನಾಗಿಯೇ ಕಾಣುತ್ತದೆ. ಗಂಡ ಒಂದು ದಿನ ರಜೆ ಹಾಕಿದ. ಬೆಳಿಗ್ಗೆ ಅವನು ಹತ್ತಬೇಕಾದ ರೈಲಿನ ಹೊತ್ತಿಗೆ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ನಿಂತು ನೂಕುನುಗ್ಗಲು ನೋಡಿದರು. ರಾಬರ್ಟ್‌ಸನ್‌ಪೇಟೆಯ ಮನೆ ನೋಡಿದರು. ಮಧ್ಯಾಹ್ನ ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು ಸ್ಟೇಷನ್ನಿಗೆ ನಡೆಯುವಷ್ಟು ದೂರದಲ್ಲಿ ಎರಡು ಮನೆ ನೋಡಿದರು. ಶಾಲೆ ಹಳಿಯ ಯಾವ ಬದಿಗೆ, ಮನೆ ಯಾವ ಬದಿಗೆ ಎಂದು ಅವಳು ಮಕ್ಕಳ ಹೆಜ್ಜೆಯಲ್ಲಿ ನಡೆದು ಅಳೆದಳು. ಮಗರಿಬ್ ಆದ ಮೇಲೆ ಬೀದಿದೀಪ ಉರಿಯುತ್ತದೆಯೇ, ಹೆಂಗಸರು ಓಡಾಡುತ್ತಾರೆಯೇ ಎಂದೂ ನಿಂತು ನೋಡಿದಳು. ಬೆಳಿಗ್ಗೆ ಸುಮ್ಮನಿದ್ದ ಗಂಡ ಸಂಜೆಗೆ ಅವಳನ್ನು ಕೇಳಿದನಂತೆ: "ನಿನಗೆ ಏನನ್ನಿಸುತ್ತೆ?"

ಅವಳಿಗೆ ಬಂಗಾರಪೇಟೆ ಸರಿ ಅನ್ನಿಸಿತ್ತು. ಆದರೆ ಅತ್ತೆಯ ಮುಖ ನೆನೆದು ಹೇಳಲಾಗಲಿಲ್ಲ. ಕೊನೆಗೆ ಇಬ್ಬರೂ ಆಂಡರ್ಸನ್‌ಪೇಟೆಗೇ ಹೋಗಿ ವಿಷಯವನ್ನು ಅವರ ಮುಂದಿಟ್ಟರು. ಆ ಹಿರಿಯ ಜೀವ ಹೇಳಿದ್ದೇನು ಗೊತ್ತೇ? "ನಲವತ್ತು ವರ್ಷ ನಿಮ್ಮ ಮಾವ ಶಿಫ್ಟಿಗೆ ಹೋಗಿ ಬರುವುದನ್ನು ಕಾದಿದ್ದೇನೆ. ಕಾಯುವುದು ಏನೆಂದು ನನಗೆ ಗೊತ್ತು. ದಿನಾ ಅರೆನಿದ್ದೆಯಲ್ಲಿ ಬರುವ ಮಗ ಬೇಡ, ವಾರಕ್ಕೊಮ್ಮೆ ಎಚ್ಚರವಾಗಿ ಕೂತು ಮಾತಾಡುವ ಮಗ ಸಾಕು. ನಡುವೆ ಬೇಕೆನಿಸಿದರೆ ನಾನೇ ಬರುತ್ತೇನೆ. ಬಸ್ಸಿಗೆ ಈಗ ನಮಗೆ ದುಡ್ಡಿಲ್ಲವಲ್ಲ!" 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವೆಂಬುದನ್ನು ಲೆಕ್ಕಕ್ಕೆ ಸೇರಿಸಲು ನಾನೇ ಮರೆತಿದ್ದೆ.

ಮಕ್ಕಳ ಪರೀಕ್ಷೆ ಮುಗಿದು ಟಿ.ಸಿ. ಸಿಕ್ಕಿದ ಮೇಲೆ ಅವರು ಬಂಗಾರಪೇಟೆಗೆ ಹೋಗುತ್ತಿದ್ದಾರೆ, ಇನ್‌ಶಾ ಅಲ್ಲಾಹ್. ಇದರಿಂದ ಬಂಗಾರಪೇಟೆ ಮೇಲು, ಕೆ.ಜಿ.ಎಫ್. ಕೀಳು ಎಂದು ತಿಳಿಯಬೇಡಿ. ಗಂಡನ ಕೆಲಸ ಬೆಮೆಲ್‌ನಲ್ಲಿದ್ದರೆ, ನೀವು ಮನೆಯಲ್ಲೇ ಹೊಲಿಗೆ ಮಾಡುವವರಾದರೆ, ಮಕ್ಕಳು ಕಾಲೇಜಿಗೆ ಬಂದವರಾದರೆ ಇದೇ ಕಾಗದದ ಉತ್ತರ ಕೆ.ಜಿ.ಎಫ್. ಎಂದು ಬರಬಹುದು. ಹಾಸನ, ರಾಮನಗರ, ತುಮಕೂರಿಗೆ ಹೊರಟವರಿಗೆ ಪ್ರಶ್ನೆಗಳು ಇವೇ, ಉತ್ತರ ಬೇರೆ.

ನಿಮ್ಮ ಮನೆಯಲ್ಲಿಯೂ ಊರು ಬದಲಿಸುವ ಮಾತು ನಡೆಯುತ್ತಿದ್ದರೆ ಇಂದು ರಾತ್ರಿ ಊಟದ ನಂತರ ಒಂದು ಕಾಗದ, ಒಂದು ಪೆನ್ನು ತೆಗೆದುಕೊಂಡು ಕೂರಿ. ನಿಮ್ಮ ದಿನವನ್ನು ಬರೆಯಿರಿ. ಬರೆದದ್ದನ್ನು ಗಂಡನಿಗೆ ಓದಿ ಹೇಳಿ. ನಿಮ್ಮ ದಿನ ಎಷ್ಟು ಉದ್ದವೆಂದು ಬಹುಶಃ ಅವರು ಮೊದಲ ಬಾರಿಗೆ ಕೇಳುತ್ತಿರಬಹುದು.