ಗಣಿತ ಬೋಧನೆಯಲ್ಲಿ ಲಕ್ಷ್ಯ ಮತ್ತು ಲಕ್ಷಣ

ಗಣಿತವೆಂಬ ಹೆಸರು ಕೇಳಿದೊಡನೆಯೇ ಮುಖ ಬಾಡಿಸಿಕೊಳ್ಳುವ ಮಕ್ಕಳು ಎಲ್ಲ ಶಾಲೆಗಳಲ್ಲಿಯೂ ಉಂಟು. 'ಇವನಿಗೆ ಲೆಕ್ಕ ತಲೆಗೆ ಹತ್ತದು' ಎಂಬ ಮಾತು ಒಮ್ಮೆ ಕಿವಿಗೆ ಬಿದ್ದರೆ ಮಗು ಅದನ್ನೇ ನಂಬಿಬಿಡುತ್ತದೆ. ಮುಂದೆ ಎಷ್ಟೋ ವಿದ್ಯೆಗಳ ಬಾಗಿಲು ಅದಕ್ಕೆ ಮುಚ್ಚಿಹೋಗುತ್ತದೆ. ಈ ದೋಷವು ಮಗುವಿನದಲ್ಲ, ಶಾಸ್ತ್ರದ್ದೂ ಅಲ್ಲ. ಬಹುಮಟ್ಟಿಗೆ ಕಲಿಸುವ ಕ್ರಮದ್ದು.

ವ್ಯಾಕರಣದಲ್ಲಿ ಲಕ್ಷ್ಯ, ಲಕ್ಷಣ ಎಂಬ ಎರಡು ಮಾತುಗಳಿವೆ. ಬಳಕೆಯಲ್ಲಿರುವ ನುಡಿ ಲಕ್ಷ್ಯ. ಅದನ್ನು ನೋಡಿ ಕಟ್ಟಿದ ಸೂತ್ರ ಲಕ್ಷಣ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದ ಸೂತ್ರಗಳಿಗೆ ಪೂರ್ವಕವಿಗಳ ಪ್ರಯೋಗಗಳನ್ನೇ ಆಧಾರವಾಗಿ ಕೊಟ್ಟನು. ಗಣಿತದ ತರಗತಿಯಲ್ಲಾದರೋ ಸೂತ್ರವು ಮೊದಲು ಕರಿಹಲಗೆಯ ಮೇಲೆ ಬರುತ್ತದೆ. ವಸ್ತುವು ಕಣ್ಣಿಗೆ ಬೀಳುವುದೇ ಇಲ್ಲ. ಲಕ್ಷ್ಯವಿಲ್ಲದ ಲಕ್ಷಣವು ಬರಿಯ ಬಾಯಿಪಾಠವಾಗುತ್ತದೆ.

ಕನ್ನಡನಾಡಿಗೆ ಈ ವಿವೇಕವು ಹೊಸದಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಹಣ್ಣುಗಳ ರಾಶಿ, ಮುತ್ತಿನ ಹಾರ, ಆನೆಯ ಹಿಂಡುಗಳೇ ಲೆಕ್ಕಗಳಾಗಿ ಬರುತ್ತವೆ. 12ನೆಯ ಶತಮಾನದ ರಾಜಾದಿತ್ಯನು ತನ್ನ ಕನ್ನಡ ಗ್ರಂಥಕ್ಕೆ 'ವ್ಯವಹಾರಗಣಿತ'ವೆಂದೇ ಹೆಸರಿಟ್ಟನು.

ಇಂದಿನ ಉಪಾಧ್ಯಾಯರಿಗೂ ದುಬಾರಿ ಸಾಮಗ್ರಿ ಬೇಕಿಲ್ಲ. ಮನೆಯಂಗಳದ ರಂಗೋಲಿಯನ್ನೇ ನೋಡಬಹುದು. ಒಂದು, ಮೂರು, ಐದು, ಏಳು ಎಂದು ಸಾಲುಸಾಲಾಗಿ ಚುಕ್ಕಿಯಿಟ್ಟು, ಸಾಲು ಮುಗಿದಂತೆಲ್ಲ ಒಟ್ಟು ಎಷ್ಟಾಯಿತೆಂದು ಎಣಿಸಲು ಹೇಳಲಿ. 1, 4, 9, 16 ಎಂದು ವರ್ಗಸಂಖ್ಯೆಗಳು ತಾವಾಗಿಯೇ ಮೂಡುತ್ತವೆ. ಏಕೆ ಹೀಗೆ? ಒಂದು ಹುಣಿಸೆಬೀಜವನ್ನಿಟ್ಟು, ಅದರ ಎರಡು ಮಗ್ಗುಲನ್ನು ಬಳಸುವಂತೆ ಮೂರನ್ನು, ಆಮೇಲೆ ಐದನ್ನು ಜೋಡಿಸಿದರೆ ಪ್ರತಿ ಸಲವೂ ಚೌಕವೇ ಬೆಳೆಯುವುದನ್ನು ಮಗು ಕಣ್ಣಾರೆ ಕಾಣುತ್ತದೆ.

ಅಳಗುಳಿಮಣೆಯೂ ಅಂಥದೇ. ಎರಡು ಸಾಲಿನಲ್ಲಿ ಒಟ್ಟು 14 ಗುಳಿಗಳು. ಒಂದು ಗುಳಿಯಿಂದ ಮೂರು ಹರಳನ್ನು ಮುಂದಕ್ಕೆ ಒಂದೊಂದಾಗಿ ಹಾಕಿದರೆ ಕೊನೆಯದು ಎಲ್ಲಿ ಬೀಳುವುದು? ಹೊರಟ ಗುಳಿಯನ್ನೂ ಬಿಡದೆ ಸುತ್ತಿದರೆ 17 ಹರಳು ಹಾಕಿದಾಗ ಎಲ್ಲಿ ಬೀಳುವುದು? ಎರಡೂ ಒಂದೇ ಗುಳಿಯಲ್ಲಿ ಮುಗಿಯುವುದನ್ನು ಕಂಡ ಮಗುವಿಗೆ ಭಾಗಾಕಾರದ ಶೇಷವೆಂದರೇನೆಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಬಳೆ, ಚೊಂಬು, ಗಾಡಿಯ ಚಕ್ರಗಳ ಸುತ್ತಳತೆಯನ್ನು ದಾರದಿಂದ ಅಳೆದು ಅಡ್ಡಳತೆಯಿಂದ ಭಾಗಿಸಿದರೆ, ಎಲ್ಲಕ್ಕೂ ಮೂರಕ್ಕಿಂತ ತುಸು ಹೆಚ್ಚೇ ಬರುತ್ತದೆ. 499ರಲ್ಲಿಯೇ ಆರ್ಯಭಟನು ಈ ಪ್ರಮಾಣವನ್ನು 20,000ಕ್ಕೆ 62,832 ಎಂದು ಹೇಳಿದ್ದನೆಂಬುದನ್ನು ಆಗ ತಿಳಿಸಿದರೆ ತರಗತಿಯೇ ಬೆರಗಾದೀತು.

ಹೀಗೆಂದ ಮಾತ್ರಕ್ಕೆ ಮಗ್ಗಿಯನ್ನು ಕೈಬಿಡಬೇಕೆಂದಲ್ಲ. ಮಗ್ಗಿಯಿಲ್ಲದ ಗಣಿತವು ಧಾತುಪಾಠವಿಲ್ಲದ ವ್ಯಾಕರಣದಂತೆ. ಪ್ರಶ್ನೆಯಿಲ್ಲದ ಆಟವೂ ಬರಿಯ ಕಾಲಹರಣವೇ. ಹರಳು ಕೈಗೆ ಕೊಟ್ಟು, ಪ್ರಶ್ನೆಯೊಂದನ್ನು ಮುಂದಿಟ್ಟು, ಉತ್ತರವು ಮಗುವಿನ ಬಾಯಿಂದಲೇ ಬರುವವರೆಗೆ ಕಾಯುವುದು ಗುರುವಿನ ಕೆಲಸ. ಪಾಠ ಮುಗಿಸುವ ಆತುರದಲ್ಲಿ ಈ ತಾಳ್ಮೆಯೇ ಮೊದಲು ಕಳೆದುಹೋಗುತ್ತದೆ. ತಾನೇ ಕಂಡುಕೊಂಡ ಸೂತ್ರವನ್ನು ಮಗು ಮರೆಯದು. ಮರೆತರೂ ಮತ್ತೆ ಕಂಡುಕೊಳ್ಳಬಲ್ಲದು. 'ಲೆಕ್ಕ ನನಗೆ ಬಾರದು' ಎನ್ನುವ ಒಂದು ಮಗುವಿನ ಬಾಯಿಂದ 'ನನಗೆ ತಿಳಿಯಿತು' ಎಂಬ ಮಾತು ಹೊರಟರೆ, ಆ ದಿನದ ಬೋಧನೆ ಸಾರ್ಥಕವಾದಂತೆಯೇ ಸರಿ.